ಬೆಂಗಳೂರಿನ ಚಳಿ ವಿದೇಶಿ ಹಾವನ್ನು ಕೊಲ್ಲುತ್ತದೆಯೇ?

ಫ್ಲೋರಿಡಾದಲ್ಲಿ ಚಳಿಗೆ ಹೆಬ್ಬಾವುಗಳು ಸತ್ತವಂತೆ, ಹಾಗಾದರೆ ಬೆಂಗಳೂರಿನಲ್ಲಿ ಯಾರಾದರೂ ಸಾಕಿದ ವಿದೇಶಿ ಹಾವನ್ನು ಕೆರೆಯ ಬದಿಗೆ ಬಿಟ್ಟರೂ ಡಿಸೆಂಬರ್ ಚಳಿಯೇ ಅದನ್ನು ಮುಗಿಸುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ. ಚಳಿಯನ್ನು ನಂಬಿ ಕೂರುವಂತಿಲ್ಲ.

ಅಲ್ಲಿ ಸತ್ತದ್ದು ನಿಜ. 2010ರ ಜನವರಿಯಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ದಿನಗಟ್ಟಲೆ ಕೊರೆಯುವ ಚಳಿ ಬಿತ್ತು. ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಂಶೋಧಕರು ರೇಡಿಯೊ ಅಳವಡಿಸಿ ಗಮನಿಸುತ್ತಿದ್ದ 10 ಬರ್ಮಾ ಹೆಬ್ಬಾವುಗಳಲ್ಲಿ (ಸಾಕಿದವರ ಕೈಯಿಂದ ಹೊರಬಿದ್ದು ಅಲ್ಲಿ ನೆಲೆಯೂರಿದ ಏಷ್ಯಾದ ಹಾವುಗಳಿವು) 9 ಸತ್ತವು. ಮೈ ತೀರಾ ತಣ್ಣಗಾದರೆ ಹಾವಿಗೆ ಜೀರ್ಣಶಕ್ತಿಯೇ ಇರುವುದಿಲ್ಲ; ನುಂಗಿದ್ದನ್ನು ಕಕ್ಕದಿದ್ದರೆ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಬಿಲ ಸೇರಬೇಕಾದ ಹೊತ್ತಿನಲ್ಲಿ ಬಿಸಿಲು ಕಾಯಲು ಹೊರಬಂದು ಅಲ್ಲೇ ಮರಗಟ್ಟಿದವೂ ಇದ್ದವು. ನಮ್ಮ ರಾಜಸ್ಥಾನದ ಭರತಪುರದ ಹೆಬ್ಬಾವುಗಳು ಈ ವಿಷಯದಲ್ಲಿ ಜಾಣ: ಚಳಿಗಾಲದಲ್ಲಿ ಮುಳ್ಳುಹಂದಿಯ ಬಿಲ ಹೊಕ್ಕು, ಬಿಸಿಲೇರಿದ ಮೇಲಷ್ಟೇ ಬಾಯಿಗೆ ಬಂದು ಮೈಚಾಚುತ್ತವೆ.

ಸುದ್ದಿಯಾಗುವುದು ಸತ್ತ ಹಾವು. ಸಂತತಿ ಬೆಳೆಸುವುದು ಬದುಕಿದ ಹಾವು. ಎವರ್‌ಗ್ಲೇಡ್ಸ್‌ನ ಹೆಬ್ಬಾವುಗಳು ಕೆಲವೇ ತಲೆಮಾರುಗಳಲ್ಲಿ ಅಲ್ಲಿನ ಪರಿಸರಕ್ಕೆ ಹೊಂದಿಕೊಳ್ಳುತ್ತಿರುವ ಗುರುತುಗಳು 2018ರಲ್ಲಿ ಪ್ರಕಟವಾದ ಜೀನೋಮ್ (ವಂಶವಾಹಿಗಳ) ಅಧ್ಯಯನದಲ್ಲಿ ಕಂಡವು. ಹೆಣ್ಣು ಒಂದೇ ಸಲಕ್ಕೆ 50ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಥಂಡಿಯಾದರೆ ಮೈ ನಡುಗಿಸಿ ಕಾವು ಕೊಡುತ್ತದೆ. 2013ರಲ್ಲಿ ಫ್ಲೋರಿಡಾ ಬಹುಮಾನವಿಟ್ಟು ಹೆಬ್ಬಾವು ಹಿಡಿಸುವ ಸ್ಪರ್ಧೆಯನ್ನೇ ಆರಂಭಿಸಬೇಕಾಯಿತು. ಇನ್ನೊಂದು ಕಾಟವೂ ಇದೆ. ಈ ಹೆಬ್ಬಾವುಗಳ ಜತೆ ಬಂದ ಏಷ್ಯಾದ ಶ್ವಾಸಕೋಶದ ಪರಾವಲಂಬಿ ಈಗ ಅಲ್ಲಿನ ಸ್ಥಳೀಯ ಹಾವುಗಳಿಗೂ ಅಂಟಿಕೊಂಡಿದೆ.

ಇನ್ನು ನಮ್ಮ ಊರಿನ ಚಳಿ. ಬೆಂಗಳೂರು ಕಂಡ ಅತಿ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗ ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿ, ಮಧ್ಯಾಹ್ನ ಅಂಗಿ ಬೆವರುವಷ್ಟು ಬಿಸಿಲು. ಸ್ವೆಟರ್ ಹಾಕಿಕೊಳ್ಳುವವರು ನಾವು, ಹಾವುಗಳಲ್ಲ. ಮನೆಗಳಿಗೆ ನುಗ್ಗಿದ ಹಾವು ಹಿಡಿಯುವ ಸ್ವಯಂಸೇವಕನಾಗಿ ನಾನು ನೋಡುವುದು ಇಷ್ಟೇ: ಬೆಳಗ್ಗೆ ಸಂಪಿನ ಸಿಮೆಂಟ್ ಮುಚ್ಚಳದ ಮೇಲೆ ಬಿದ್ದುಕೊಂಡ ಕೇರೆಹಾವು ಎತ್ತಿದರೂ ಸೋಮಾರಿಯಂತೆ ಜೋತಾಡುತ್ತದೆ, ಹತ್ತೂವರೆಯ ಹೊತ್ತಿಗೆ ಅದನ್ನೇ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಕೊಳಕುಮಂಡಲವಂತೂ ಜೋಡಿ ಹುಡುಕಿ ಓಡಾಡುವುದೇ ಚಳಿಗಾಲದಲ್ಲಿ.

2024ರ ಏಪ್ರಿಲ್‌ನಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಲಗೇಜಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕಿದ್ದವು. ಅವುಗಳ ತವರು ಪರಾಗ್ವೆ, ಉತ್ತರ ಅರ್ಜೆಂಟೀನಾದ ಜೌಗುನೆಲ. ಅಲ್ಲಿನ ಚಳಿಯ ಮುಂದೆ ನಮ್ಮದು ಲೆಕ್ಕಕ್ಕಿಲ್ಲ. ಒಂಟಿ ಹಾವು ಬಿಟ್ಟ ಮಾತ್ರಕ್ಕೆ ಸಂತತಿ ಬೆಳೆದುಬಿಡುವುದಿಲ್ಲ, ಒಪ್ಪುತ್ತೇನೆ. ನಾಯಿಗೋ ಲಾರಿಗೋ ಸಿಕ್ಕಿ ಸಾಯಲೂಬಹುದು. ಆದರೆ ಬಿಡುವವರು ಒಬ್ಬರೇ ಇರುವುದಿಲ್ಲವಲ್ಲ.

ನಿಮ್ಮ ಪರಿಚಯದವರ ಮನೆಯಲ್ಲಿ ಅಂಥ ಹಾವಿದ್ದು ಸಾಕಲಾಗದಿದ್ದರೆ, ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ. ವಿದೇಶಿ ಪ್ರಾಣಿಗಳ ನೋಂದಣಿಯ ನಿಯಮಕ್ಕೆ ಹೆದರಿ ರಾತ್ರೋರಾತ್ರಿ ಕೆರೆಗೆ ಬಿಡುವುದು ಬೇಡ.