4294967297 ಅವಿಭಾಜ್ಯವೇ? 641ರಿಂದ ಭಾಗಿಸಿ ನೋಡಿ

100ರ ಒಳಗಿನ ಅವಿಭಾಜ್ಯ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಿದೆ, 4294967297 ಯಾವುದಕ್ಕೂ ಬಗ್ಗಲಿಲ್ಲ, ಹಾಗಾದರೆ ಇದೂ ಅವಿಭಾಜ್ಯವೇ ಅಲ್ವಾ ಎಂದು ಕೇಳಿದ್ದೀರಿ. ಅಲ್ಲ. 641ನ್ನು 6700417ರಿಂದ ಗುಣಿಸಿ, ಸರಿಯಾಗಿ ಇದೇ ಬರುತ್ತದೆ.

ಇದು 2ರ 32ನೇ ಘಾತಕ್ಕೆ 1 ಕೂಡಿಸಿದ ಸಂಖ್ಯೆ. ಫರ್ಮಾನಂಥ ದೊಡ್ಡ ಗಣಿತಜ್ಞನೂ ಇದನ್ನು ಅವಿಭಾಜ್ಯ ಎಂದೇ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಒಡೆದು ತೋರಿಸಿದ.

ಸುಮ್ನೆ ಒಂದೊಂದಾಗಿ ಭಾಗಿಸುತ್ತಾ ಹೋದರೆ 65536ರವರೆಗೂ ನೋಡಬೇಕಾಗಬಹುದು. ಅಷ್ಟು ಕಷ್ಟ ಬೇಡ. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಇದನ್ನು ಸಾಧಿಸಿದವನೂ ಆಯ್ಲರನೇ. ಅಂಥ ಅವಿಭಾಜ್ಯಗಳು 193, 257, 449, 577, ಆಮೇಲೆ 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ!

ಭಾಗಾಕಾರ ಮಾಡದೆಯೂ ಇದನ್ನು ನೋಡಬಹುದು, ನನಗೆ ಇದೇ ಜಾಸ್ತಿ ಇಷ್ಟ. 640 ಎಂದರೆ 5 × 128. 641ರಿಂದ ಭಾಗಿಸುವಾಗ ಶೇಷವನ್ನಷ್ಟೇ ನೋಡುತ್ತೇವೆ; 640 ಅದಕ್ಕಿಂತ 1 ಕಡಿಮೆ, ಹಾಗಾಗಿ ಅದನ್ನು −1 ಎಂದು ಹಿಡಿಯಬಹುದು. ಅದರ ನಾಲ್ಕನೇ ಘಾತ 1. ಅಂದರೆ 625 × 2ರ 28ನೇ ಘಾತವೂ 1ಕ್ಕೆ ಸಮ. ಈಗ 625 + 16 = 641, ಹಾಗಾಗಿ 625ರ ಜಾಗದಲ್ಲಿ −16 ಹಾಕಿ. 16 ಎಂದರೆ 2ರ 4ನೇ ಘಾತ, ಸೇರಿ 32ನೇ ಘಾತವಾಯಿತು. ಅದು −1ಕ್ಕೆ ಸಮ. 1 ಕೂಡಿಸಿ, ಶೇಷ ಸೊನ್ನೆ.

6700417 ಮಾತ್ರ ಅವಿಭಾಜ್ಯವೇ. ಅದಕ್ಕೂ ಅದೇ 64ರ ಜರಡಿ ಹಿಡಿಯಿರಿ, 2588ರವರೆಗೆ ನೋಡಿದರೆ ಸಾಕು.