'ಕ್ಷಯದ ಗುಳಿಗೆ ಮುಗಿಯಲಿ, ಮನಸ್ಸಿನ ಡಾಕ್ಟರ್ ಆಮೇಲೆ' ಎಂದು ಕಾಯಬಹುದೇ?

ಕಾಯಬೇಡಿ. ನಿಮ್ಮ ತಮ್ಮನಿಗೆ ಕ್ಷಯದ ಗುಳಿಗೆ ಶುರುವಾಗಿ ಮೂರು ವಾರ, ಕೆಮ್ಮು ಇಳಿದಿದೆ, ಆದರೆ ನಿದ್ದೆಯಿಲ್ಲ, ಮಾತಿಲ್ಲ ಎಂದಿದ್ದೀರಿ. ಆ 'ಮೂರು ವಾರ' ಓದಿದಾಗಲೇ ನನಗೆ ನಮ್ಮಕ್ಕ ನೆನಪಾದಳು.

ಅಕ್ಕನಿಗೆ ಮೊದಲೇ ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆ ಇತ್ತು. ಮಂಗಳೂರಿನ ಮನೋವೈದ್ಯರು ಬರೆದ ಕ್ವಿಟಿಯಾಪಿನ್ ರಾತ್ರಿ ಒಂದು ನುಂಗಿದರೆ ವರ್ಷಗಳಿಂದ ಏನೂ ತಕರಾರಿರಲಿಲ್ಲ. ಕ್ಷಯದ ಮದ್ದು ಸಿಕ್ಕಿದ್ದು ಇಲ್ಲೇ, ನಮ್ಮೂರಿನ ಸರಕಾರಿ ಆರೋಗ್ಯ ಕೇಂದ್ರದಲ್ಲಿ. ಒಂದು ಫೈಲು ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆ, ಇನ್ನೊಂದು ಈಚೆ. 'ಬೇರೆ ಮದ್ದು ಏನಾದರೂ ಉಂಟಾ?' ಎಂದು ಆ ಕೇಂದ್ರದವರು ಕೇಳಿದಾಗ 'ಇಲ್ಲ' ಎಂದವನು ನಾನು. ಕ್ಷಯವೊಂದು ಸಾಲದೆ ಇದೂ ಊರಿಗೆ ಗೊತ್ತಾಗಬೇಕಾ ಎಂಬ ನಾಚಿಕೆ.

ಆ 'ಇಲ್ಲ' ಮಾಡಿದ್ದೇನು ಕೇಳಿ. ಕ್ಷಯದ ಗುಳಿಗೆಯಲ್ಲಿ ರಿಫಾಂಪಿಸಿನ್ ಇರುತ್ತದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಅದರಿಂದಲೇ. ಬೇರೆ ಮದ್ದುಗಳನ್ನು ಕರಗಿಸುವ ಲಿವರಿನ ಕಿಣ್ವಗಳನ್ನು ಅದು ವಿಪರೀತ ಹೆಚ್ಚಿಸುತ್ತದೆ. ಒಂದೇ ದಿನದಲ್ಲಲ್ಲ, ಪೂರ್ತಿ ಪರಿಣಾಮಕ್ಕೆ ಸುಮಾರು ಎರಡು ವಾರ ಬೇಕು. ಆಮೇಲೆ ಕ್ವಿಟಿಯಾಪಿನ್ ನುಂಗಿದರೂ ರಕ್ತದಲ್ಲಿ ಉಳಿಯುವುದು ಅತ್ಯಲ್ಪ. ಅಕ್ಕ ದಿನಾ ಗುಳಿಗೆ ತಿನ್ನುತ್ತಲೇ ಇದ್ದಳು, ಲೆಕ್ಕಕ್ಕೆ ಮಾತ್ರೆ ಬಿಟ್ಟವಳ ಹಾಗೆ. ಮೂರನೇ ವಾರ ನಿದ್ದೆ ಹೋಯಿತು. ಮಂಗಳೂರಿಗೆ ಹೋದೆವು, ಅಲ್ಲಿ ಕ್ಷಯದ ಸುದ್ದಿ ಎತ್ತಲಿಲ್ಲ, ಡೋಸು ಇಮ್ಮಡಿಯಾಯಿತು. ಅಷ್ಟರಲ್ಲಿ ಮನೆಯಲ್ಲಿ 'ಆ ಗುಳಿಗೆಯೇ ತಲೆ ಕೆಡಿಸಿದ್ದು' ಎಂದು ಕ್ಷಯದ ಮದ್ದು ನಿಲ್ಲಿಸಿದರು. ರಿಫಾಂಪಿಸಿನ್ ನಿಂತ ಮೇಲೆ ಕಿಣ್ವಗಳು ಇಳಿಯುವುದಕ್ಕೂ ಸುಮಾರು ಎರಡು ವಾರವೇ. ಇಳಿದಾಗ ಇಮ್ಮಡಿ ಡೋಸು ಪೂರ್ತಿ ರಕ್ತಕ್ಕೆ ಬಂತು: ಹಗಲೂ ನಿದ್ದೆ, ಎದ್ದು ನಿಂತರೆ ಬಿ.ಪಿ. ಇಳಿದು ಬೀಳುವುದು. ಎರಡೂ ಕಡೆ ತಪ್ಪಿತಸ್ಥ ಗುಳಿಗೆಯಲ್ಲ, ಹೇಳದೆ ಉಳಿದ ಮಾತು.

ಮನೋವೈದ್ಯರು ಬರೆಯುವ ಬೇರೆ ಮದ್ದುಗಳಾದ ರಿಸ್ಪೆರಿಡೋನ್, ಹಾಲೊಪೆರಿಡಾಲ್, ಸರ್ಟ್ರಲೀನ್, ಡಯಾಜೆಪಾಮ್‌ಗಳ ಬಲವನ್ನೂ ರಿಫಾಂಪಿಸಿನ್ ತಗ್ಗಿಸುತ್ತದೆ. ಗರ್ಭನಿರೋಧಕ ಗುಳಿಗೆಯದ್ದೂ. ಮನೋವೈದ್ಯರು ಡೋಸು ಹೊಂದಿಸಬಹುದು, ಮದ್ದನ್ನೇ ಬದಲಿಸಬಹುದು. ಅವರಿಗೆ ಬೇಕಾದದ್ದು ಎರಡು ತಾರೀಕು: ಕ್ಷಯದ ಮದ್ದು ಶುರುವಾದದ್ದು, ಮುಗಿಯುವುದು. ಮುಗಿದ ಮೇಲಿನ ಎರಡು ವಾರ ಮತ್ತೆ ತೋರಿಸಲೇಬೇಕು.

ತಮ್ಮನಿಗೆ ಮೊದಲು ಮನಸ್ಸಿನ ಮದ್ದೇ ಇರಲಿಲ್ಲವಾದರೆ ಕ್ಷಯದ ಗುಳಿಗೆಯಲ್ಲೇ ಇರುವ ಇನ್ನೊಂದು ಮದ್ದು ಐಸೊನಿಯಾಜಿಡ್ ಕಡೆ ನೋಡಿ. ಅದು ದೇಹದ ಬಿ6 ಜೀವಸತ್ವವನ್ನು ಖಾಲಿ ಮಾಡುತ್ತದೆ, ಮಿದುಳನ್ನು ಶಾಂತವಾಗಿಡುವ ರಾಸಾಯನಿಕ ತಯಾರಾಗಲು ಬಿ6 ಬೇಕು. ಕುಡಿತ, ಸಕ್ಕರೆ ಕಾಯಿಲೆ, ಅರೆಹೊಟ್ಟೆ ಇದ್ದವರಿಗೆ ಅಪಾಯ ಜಾಸ್ತಿ. ಪಾದ ಉರಿಯುತ್ತದೆಯೇ ಕೇಳಿ, ಬಿ6 ಕೊರತೆಗೆ ಅದೂ ಒಂದು ಗುರುತು. ದಿನಕ್ಕೆ 10 ಮಿಲಿಗ್ರಾಂ ಪಿರಿಡಾಕ್ಸಿನ್ (ಅದೇ ಬಿ6) ಕೊಡುತ್ತಿದ್ದಾರೆಯೇ ನೋಡಿ. ಇಲ್ಲದ ದನಿ ಕೇಳಿಸುವುದು, ಮನೆಯವರ ಮೇಲೆಯೇ ಸಂಶಯ ಕಂಡರೆ ಅವತ್ತೇ ಆಸ್ಪತ್ರೆಗೆ. ಆದರೆ ನೀವೇ ಗುಳಿಗೆ ಕಮ್ಮಿ ಮಾಡಬೇಡಿ. ಮೊದಲ ಎರಡು ತಿಂಗಳ ಒಂದೊಂದು ಗುಳಿಗೆಯಲ್ಲೂ ನಾಲ್ಕು ಮದ್ದು ಬೆರೆತಿರುತ್ತವೆ; 50ರಿಂದ 64 ಕಿಲೋ ತೂಕದವರಿಗೆ ದಿನಕ್ಕೆ ನಾಲ್ಕು. ಒಂದು ಬಿಟ್ಟರೆ ನಾಲ್ಕೂ ಮದ್ದು ಕೊರೆ ಬೀಳುತ್ತವೆ.

ನಮ್ಮ ಕರಾವಳಿ ಕಡೆಯವರಿಗೆ ಇನ್ನೊಂದು: ಬಂಗುಡೆ ಮೀನು. ಐಸೊನಿಯಾಜಿಡ್ ತಿನ್ನುವವರು ಐಸಿನಲ್ಲಿಡದೆ ಹಳತಾದ ಬಂಗುಡೆ, ಕೇದರ (ಟ್ಯೂನಾ) ತಿಂದರೆ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳಬಹುದು. ಅದು ಹಳತಾದ ಮೀನಿನಲ್ಲಿ ಹುಟ್ಟುವ ಹಿಸ್ಟಮಿನ್ ಎಂಬ ರಾಸಾಯನಿಕದ ಕೆಲಸ, ನೋಡುವವರಿಗೆ ಮಾತ್ರ ಹೆದರಿಕೆಯ ಕಾಯಿಲೆಯಂತೆ ಕಾಣುತ್ತದೆ.

ತಟ್ಟೆ ಲೋಟ ಬೇರೆ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ಕ್ಷಯ ಹರಡುವುದು ಗಾಳಿಯಲ್ಲಿ, ಬಟ್ಟಲಿನಲ್ಲಲ್ಲ. ಕಿಟಕಿ ತೆರೆದಿಡಿ, ಅವನ ಜೊತೆ ಉಣ್ಣಿ. ಜಗಲಿಯ ಮೂಲೆಗೆ ಹಾಕಿದವನಿಗೆ ಖಿನ್ನತೆ ಬಂದರೆ ಕಾರಣ ಹುಡುಕಲು ಡಾಕ್ಟರೇ ಬೇಕಾಗಿಲ್ಲ.

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ.-9ರಲ್ಲಿ ಸುಸ್ತು, ಹಸಿವು, ನಿದ್ದೆಗೆಲ್ಲ ಕ್ಷಯವೇ ಅಂಕ ಕೊಟ್ಟುಬಿಡುತ್ತದೆ. ಹಾಗಾಗಿ ಮೊದಲ ಎರಡನ್ನು, ಅಂದರೆ ಆಸಕ್ತಿ ಹೋಗಿದೆಯೇ, ಮನಸ್ಸು ಕುಗ್ಗಿದೆಯೇ ಎಂಬುದನ್ನು ಗಮನಿಸಿ. ಕೊನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ 'ಹೌದು' ಬಂದರೆ ಒಬ್ಬನೇ ಬಿಡಬೇಡಿ, ಅದೇ ದಿನ ತೋರಿಸಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನವಿಡೀ ಇರುತ್ತದೆ.

ಮದ್ದಿಗೆ ಜಗ್ಗದ ಕ್ಷಯವಾದರೆ ಲೆಕ್ಕವೇ ಬೇರೆ. ಅದಕ್ಕೆ ಕೊಡುವ ಮದ್ದುಗಳಲ್ಲಿ ಸೈಕ್ಲೋಸೆರಿನ್ ತಾನೇ ಖಿನ್ನತೆ, ಭ್ರಮೆ ತರಬಲ್ಲದು. ಇನ್ನೊಂದಾದ ಲಿನೆಜೋಲಿಡ್, ಖಿನ್ನತೆಗೆ ಕೊಡುವ ಸರ್ಟ್ರಲೀನ್‌ನಂಥ ಮದ್ದಿನ ಜೊತೆ ಸೇರಿದರೆ ಅಪಾಯ. ತಮಾಷೆಯೆಂದರೆ, ಖಿನ್ನತೆಯ ಮೊದಲ ಮದ್ದುಗಳಲ್ಲೊಂದಾದ ಇಪ್ರೊನಿಯಾಜಿಡ್ ಸಿಕ್ಕಿದ್ದೇ ಕ್ಷಯದ ವಾರ್ಡಿನಲ್ಲಿ: 1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅದನ್ನು ತಿಂದ ರೋಗಿಗಳು ಗೆಲುವಾದದ್ದನ್ನು ಕಂಡು.

ನಾಳೆ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದೇ ಚೀಲಕ್ಕೆ ಹಾಕಿ: ಆಯುರ್ವೇದದ್ದು, ನಿದ್ದೆಯದ್ದು, ಅಂಗಡಿಯಿಂದ ತಂದದ್ದು. ಚೀಟಿಯ ಫೋಟೊ ಸಾಲದು, ಬರೆದದ್ದೊಂದು, ಮೆಡಿಕಲ್‌ನವರು ಕೊಟ್ಟದ್ದೊಂದು ಇರುತ್ತದೆ. ತಮ್ಮನಿಗೆ ನಾಚಿಕೆಯಾದರೆ ಚೀಲವನ್ನು ನೀವೇ ಮೇಜಿನ ಮೇಲಿಡಿ.