71 ಕಿಲೋಗೆ ಮುರಿದ ಹಂಚು

ಪ್ರಶ್ನೆ: ನಾನು ಹಂಚಿನ ಕಾರ್ಖಾನೆಯೊಂದರಲ್ಲಿ ಪರೀಕ್ಷೆಯ ಕೆಲಸ ನೋಡಿಕೊಳ್ಳುತ್ತೇನೆ. ಒಂದೇ ಮಣ್ಣಿನಿಂದ ಮಾಡಿ, ಒಂದೇ ಭಟ್ಟಿಯಲ್ಲಿ ಸುಟ್ಟ 20 ಹಂಚುಗಳನ್ನು ಮುರಿದು ನೋಡಿದೆ. ಸರಾಸರಿ 110 ಕಿಲೋ ಭಾರ ತಾಳಿದವು. ಒಂದು ಮಾತ್ರ 71ಕ್ಕೇ ಮುರಿಯಿತು. ‘ಅಳತೆ ತಪ್ಪಿರಬೇಕು, ಅದನ್ನು ಬಿಟ್ಟು ಲೆಕ್ಕ ಹಾಕು’ ಎನ್ನುತ್ತಾರೆ ಮೇಲಿನವರು. ಬಿಡಬಹುದೇ? ಅಂಕಿಗಳೆಲ್ಲ ಇದರ ಜೊತೆಗಿವೆ.
– ಓದುಗರೊಬ್ಬರು, ಕುಂದಾಪುರ

ಉತ್ತರ: ದಯವಿಟ್ಟು ಬಿಡಬೇಡಿ. ಆ 20ರಲ್ಲಿ ನಿಮಗೆ ಹೆಚ್ಚು ತಿಳಿಸಿಕೊಡುವ ಹಂಚು ಅದೇ.

ಪಿಂಗಾಣಿ ಇನ್ಸುಲೇಟರ್‌ಗಳನ್ನು ಮುರಿಯುವುದರಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಕಬ್ಬಿಣವಾದರೆ ದೋಷವಿರುವ ಕಡೆ ತುಸು ಹಿಗ್ಗಿ ಭಾರವನ್ನು ಸಹಿಸಿಕೊಳ್ಳುತ್ತದೆ. ಸುಟ್ಟ ಮಣ್ಣಿಗೆ ಆ ಗುಣವಿಲ್ಲ. ಒಳಗಿನ ಒಂದು ಗಾಳಿಗುಳ್ಳೆಯಿಂದಲೋ ಬಿರುಕಿನಿಂದಲೋ ಒಡಕು ಹೊರಟರೆ ನಿಲ್ಲುವುದೇ ಇಲ್ಲ. ಹಾಗಾಗಿ ಹಂಚಿನ ಬಲವೆಂದರೆ ಅದರೊಳಗಿನ ಅತ್ಯಂತ ಕೆಟ್ಟ ದೋಷದ ಬಲ. ಸರಪಳಿ ಹರಿಯುವುದು ಸೋತ ಕೊಂಡಿಯಲ್ಲಿ ತಾನೇ? ಸ್ವೀಡನ್ನಿನ ಎಂಜಿನಿಯರ್ ವಾಲೋಡಿ ವೈಬುಲ್ 1939ರಲ್ಲಿ ಇದನ್ನೇ ಗಣಿತಕ್ಕೆ ಇಳಿಸಿದರು.

ನಿಮ್ಮ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಬರೆದುಕೊಂಡು, ಪ್ರತಿಯೊಂದರ ಕ್ರಮಸಂಖ್ಯೆಯಿಂದ ಅರ್ಧ ಕಳೆದು 20ರಿಂದ ಭಾಗಿಸಿದೆ. ಮುರಿಯುವ ಸಂಭವ ಹಾಗೆ ಸಿಕ್ಕಿತು. ವೈಬುಲ್ ಹಾಳೆಯ ಮೇಲೆ (ಅವರ ಸೂತ್ರಕ್ಕೆ ಹೊಂದುವ ಅಂಕಿಗಳು ನೇರ ಗೆರೆಯಾಗಿ ಕಾಣುವಂತೆ ಅಳತೆ ಹಾಕಿದ ಗ್ರಾಫ್ ಹಾಳೆ) ಗುರುತಿಸಿದಾಗ ಚುಕ್ಕೆಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಕೂತವು. ಗೆರೆಯ ಇಳಿಜಾರು ಸುಮಾರು 8. ಇದನ್ನು ವೈಬುಲ್ ಮಾಡ್ಯುಲಸ್ ಎನ್ನುತ್ತೇವೆ. ಉಕ್ಕಿಗೆ ಇದು 100ರ ಆಸುಪಾಸಿನಲ್ಲಿರುತ್ತದೆ. ಸಂಖ್ಯೆ ಇಳಿದಷ್ಟೂ ಹಂಚಿನಿಂದ ಹಂಚಿಗೆ ವ್ಯತ್ಯಾಸ ಹೆಚ್ಚು. 8 ಇರುವಾಗ 20ರಲ್ಲಿ ಅತಿ ದುರ್ಬಲವಾದದ್ದು 74 ಕಿಲೋದ ಹತ್ತಿರ ಮುರಿಯಬೇಕೆಂದು ಲೆಕ್ಕ ಹೇಳುತ್ತದೆ. ನಿಮ್ಮದು 71ಕ್ಕೆ ಮುರಿದಿದೆ. ಅಳತೆ ತಪ್ಪಿದೆ ಎನ್ನಲು ಕಾರಣವೇ ಇಲ್ಲ.

ಅದೇ ಗೆರೆಯನ್ನು ಕೆಳಕ್ಕೆ ಎಳೆದು ನೋಡಿ: ಸಾವಿರಕ್ಕೊಂದು ಹಂಚು 49 ಕಿಲೋದೊಳಗೇ ಮುರಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮಾಡು ಸರಿಮಾಡಲು ಹತ್ತುವವನ ಕಾಲಡಿಗೆ ಬರುವುದು ಆ ಹಂಚು, 110ರ ಸರಾಸರಿಯಲ್ಲ. ಮೇಲಿನವರಿಗೆ ಇದನ್ನು ತೋರಿಸಿ. 20 ಅಂಕಿಗಳಿಂದ ಇಳಿಜಾರು ಖಚಿತವಾಗುವುದಿಲ್ಲ, ಆದ್ದರಿಂದ ಕನಿಷ್ಠ ಇನ್ನೂ 10 ಹಂಚು ಮುರಿಯಿರಿ.

71ರ ತುಂಡುಗಳನ್ನು ಎಸೆದಿಲ್ಲ ತಾನೇ? ಮುರಿದ ಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಪಿಂಗಾಣಿಯಲ್ಲಾದರೆ ಒಡಕು ಹುಟ್ಟಿದ ಜಾಗದ ಸುತ್ತ ಕನ್ನಡಿಯಂತೆ ನುಣುಪಾದ ಅರ್ಧಚಂದ್ರ ಕಾಣುತ್ತದೆ, ಅದರಾಚೆ ಗೀರುಗಳು ಬೀಸಣಿಗೆಯಂತೆ ಹರಡಿರುತ್ತವೆ. ಒರಟಾದ ಹಂಚಿನಲ್ಲಿ ಅಷ್ಟು ಸ್ಪಷ್ಟವಿರುವುದಿಲ್ಲ. ಆದರೂ ಅಡಿಯ ಅಂಚಿನಲ್ಲಿ, ಎಳೆತ ಬಿದ್ದ ಕಡೆ ಹುಡುಕಿ. ಬಿಳಿಯ ಸುಣ್ಣದ ಹರಳು ಸಿಕ್ಕಿದರೆ ಮಣ್ಣನ್ನು ಇನ್ನೂ ನುಣ್ಣಗೆ ಅರೆಯಬೇಕು. ಚಪ್ಪಟೆ ಪದರ ಕಂಡರೆ ಮಣ್ಣು ಒತ್ತುವ ಯಂತ್ರದ ಕಡೆ ಹೋಗಿ ನೋಡಿ. ಏನು ಸಿಕ್ಕಿತೆಂದು ನನಗೂ ಬರೆಯಿರಿ.